ಹುಳಿ ಹಿಂಡಿ ಮತ್ತು ಹಾಲು ಬಿಟ್ಟ ಮರಿಗಳು

ತಾಯಿಯಿಂದ ಬೇರ್ಪಡಿಸಿದ ಹಂದಿಮರಿ ಮೊದಲ ದಿನ ತಿನ್ನುವುದು ಕಡಿಮೆ, ಹುಡುಕುವುದು ಹೆಚ್ಚು. ಗೋಡೆಯ ಮೂಲೆ, ನೀರಿನ ನಿಪ್ಪಲ್, ಪಕ್ಕದ ಮರಿಯ ಕಿವಿ, ಎಲ್ಲಕ್ಕೂ ಮೂತಿ ಒತ್ತಿ ನೋಡುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಒಡಹುಟ್ಟಿದವರ ಜೊತೆ ಗುದ್ದಾಡಿ ಗಿಟ್ಟಿಸಿಕೊಂಡಿದ್ದ ಮೊಲೆ ಈಗ ಇಲ್ಲ. ಕೊಡಗಿನ ಗೋಣಿಕೊಪ್ಪದ ಕಡೆಯ ಈ ಸಣ್ಣ ದೊಡ್ಡಿಯಲ್ಲಿ ಸಂಜೆಯ ಹೊತ್ತಿಗೆ ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ಮಲಗಿದ್ದವು. ತೊಟ್ಟಿಯಲ್ಲಿ ಹಾಕಿದ್ದ ತಿಂಡಿ ಹಾಗೇ ಉಳಿದಿತ್ತು.

ಬೇಲಿಯಾಚೆಯ ಕಾಫಿ ತೋಟಕ್ಕೆ ಕಾಡುಹಂದಿಗಳು ಬರುತ್ತವೆ. ಮೈಮೇಲೆ ಪಟ್ಟೆಯಿರುವ ಮರಿಗಳು ತಾಯಿಯ ಹಾಲು ಕುಡಿಯುತ್ತಲೇ ಅವಳ ಹಿಂದೆ ಮಣ್ಣು ಕೆದಕುತ್ತವೆ: ಒಂದು ಬೇರು, ಒಂದು ಹುಳು, ಮಳೆಗಾಲದ ಆರಂಭವಾದರೆ ಮರದಡಿ ಬಿದ್ದು ಹುಳಿವಾಸನೆ ಬಂದ ಹಲಸಿನ ತೊಳೆ. ಹಾಲು ಪೂರ್ತಿ ಬಿಡಲು ಮೂರು ತಿಂಗಳಾದರೂ ಬೇಕು. ಅಷ್ಟರಲ್ಲಿ ಹೊಟ್ಟೆ ನಿಧಾನವಾಗಿ ಪಳಗಿರುತ್ತದೆ. ದೊಡ್ಡಿಯ ಮರಿಗೆ ಆ ಸಾವಕಾಶ ಎಲ್ಲಿ? ಒಂದೂವರೆ ತಿಂಗಳೂ ತುಂಬುವ ಮೊದಲೇ, ಒಂದು ಬೆಳಿಗ್ಗೆ ಹಾಲು ನಿಂತು ಸೋಯಾ ಹಿಂಡಿ ಎದುರಿಗೆ ಬರುತ್ತದೆ.

ಆ ವಾರ ಕರುಳಿನೊಳಗೆ ನಡೆಯುವುದು ಹೊರಗೆ ಕಾಣುವುದಿಲ್ಲ. ಆಹಾರ ಹೀರುವ ವಿಲ್ಲೈ ಎಂಬ ಸೂಕ್ಷ್ಮ ಚಾಚಿಕೆಗಳು ಸವೆದು ಗಿಡ್ಡವಾಗುತ್ತವೆ. ಹಾಲಿನ ಸಕ್ಕರೆ ನಿಂತುಹೋದದ್ದರಿಂದ ಜಠರದಲ್ಲಿ ಲ್ಯಾಕ್ಟಿಕ್ ಆಮ್ಲ ಹುಟ್ಟುವುದು ಕಡಿಮೆಯಾಗುತ್ತದೆ, ಮರಿಯದೇ ಆಮ್ಲ ಇನ್ನೂ ಸಾಲದು. ಸೋಯಾದ ಗ್ಲೈಸಿನಿನ್, ಬೀಟಾ-ಕಾಂಗ್ಲೈಸಿನಿನ್ ಎಂಬ ಪ್ರೋಟೀನುಗಳನ್ನು ಎಳೆಯ ಕರುಳು ಶತ್ರುವೆಂದೇ ಬಗೆದು ಕೆರಳುತ್ತದೆ. ಕಾಳನ್ನು ಹುರಿದು ಹಿಂಡಿ ಮಾಡಿದರೂ ಇವು ಪೂರ್ತಿ ಹೋಗುವುದಿಲ್ಲ. ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮರಿಯಲ್ಲೇ ಇಲ್ಲ. ಜೀರ್ಣವಾಗದೆ ಉಳಿದದ್ದರ ಮೇಲೆ ಇ. ಕೋಲೈ ಬ್ಯಾಕ್ಟೀರಿಯಾ ಹಬ್ಬ ಮಾಡುತ್ತದೆ. ಭೇದಿ ಶುರುವಾಗುವುದು ಹೀಗೆ.

ಇದನ್ನು ತಡೆಯಲೆಂದೇ ದೊಡ್ಡಿಯ ಹಿಂದಿನ ಶೆಡ್ಡಿನಲ್ಲಿ ಹಿಂಡಿಯನ್ನು ಹುಳಿ ಬರಿಸುವ ನೀಲಿ ಡ್ರಮ್ಮುಗಳಿವೆ. ಹಿಂಡಿಗೆ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು, ಆ ಹದಕ್ಕೆ ತಂದು, ಪುಡಿಯ ರೂಪದಲ್ಲಿ ಬರುವ ಹೆಪ್ಪು ಬೆರೆಸಿ, ಒತ್ತಿ ತುಂಬಿ ಮುಚ್ಚಳ ಬಿಗಿಯುತ್ತಾರೆ. ಒಳಗೆ ಗಾಳಿ ಇರುವಷ್ಟು ಹೊತ್ತು ಹೆಪ್ಪಿನಲ್ಲಿರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ದೊಡ್ಡ ಪ್ರೋಟೀನುಗಳನ್ನು ತುಂಡರಿಸುತ್ತದೆ. ಗಾಳಿ ಮುಗಿದ ಮೇಲೆ ಲ್ಯಾಕ್ಟೋಬ್ಯಾಸಿಲಸ್ಸಿನ ಸರದಿ. ಅದು ಸಕ್ಕರೆಗಳನ್ನು ತಿಂದು ಆಮ್ಲ ಬಿಡುತ್ತದೆ. ದೋಸೆಹಿಟ್ಟಿನ ಹಾಗೆಯೇ ಇದೂ ಕೊಡಗಿನ ಜಡಿಮಳೆಯಲ್ಲಿ ತಡಮಾಡುತ್ತದೆ, ಬೇಸಿಗೆಯಲ್ಲಿ ಅವಸರಪಡುತ್ತದೆ.

ಮುಚ್ಚಳ ತೆಗೆದಾಗ ಮೊದಲು ಬಂದದ್ದು ಬಿಸಿ, ಆಮೇಲೆ ವಾಸನೆ: ಚೂಪಾದ ಹುಳಿ, ಅದರಡಿ ಸ್ವಲ್ಪ ಹೆಂಡದ ಘಾಟು. ಬಣ್ಣ ಕಂದು ತಿರುಗಿತ್ತು. ಮರಿಗಳನ್ನು ನೋಡಿಕೊಳ್ಳುವ ಅಕ್ಕ ಚಿಟಿಕೆ ತೆಗೆದು ಮೂಸಿ, “ಸರಿಯಾಗಿದೆ ಸಾರ್, ಕೊಳೆತ ನಾತ ಬಂದಿದ್ದರೆ ಗೊಬ್ಬರದ ಗುಂಡಿಗೆ” ಎಂದರು. ನಾನು ಪಿಎಚ್ ಕಾಗದ ಅದ್ದಿ ನೋಡಿದೆ, ನಾಲ್ಕೂವರೆಗಿಂತ ಕೆಳಗಿತ್ತು. ಆ ಹುಳಿಯಲ್ಲಿ ಇ. ಕೋಲೈ, ಸಾಲ್ಮೊನೆಲ್ಲಾ ತಲೆಯೆತ್ತುವುದು ಕಷ್ಟ. ಅಕ್ಕನ ಮೂಗಿಗೆ ಕಾಗದ ಬೇಕಿರಲಿಲ್ಲ.

ಹಂದಿ ಕೊಳಕು ಪ್ರಾಣಿ ಎನ್ನುವವರು ಒಮ್ಮೆ ದೊಡ್ಡಿಯ ಪಕ್ಕ ಕೂತು ನೋಡಬೇಕು. ಜಾಗ ಸಾಕಷ್ಟಿದ್ದರೆ ಮರಿಗಳು ಮಲಗುವ ಕಡೆ ಹೇಲುವುದಿಲ್ಲ. ಒದ್ದೆಯಾದ, ತಣ್ಣನೆಯ ಮೂಲೆಯೊಂದನ್ನು ತಾವೇ ಅದಕ್ಕೆಂದು ಗೊತ್ತುಮಾಡಿಕೊಳ್ಳುತ್ತವೆ. ಕರುಳಿನ ಸುದ್ದಿಯೆಲ್ಲ ಆ ಮೂಲೆಯಲ್ಲಿರುತ್ತದೆ. ಹುಳಿ ಬರಿಸದ ಹಿಂಡಿಯನ್ನೇ ತಿಂದ ಪಕ್ಕದ ಅಂಕಣದಲ್ಲಿ ಹಳದಿ ನೀರು, ಮರಿಗಳ ಬಾಲದ ಬುಡ ಒದ್ದೆ, ರೋಮ ನೆಟ್ಟಗೆ. ಹಿಂಡಿಯ ಒಂದು ಪಾಲನ್ನಷ್ಟೇ ಹುಳಿ ಬರಿಸಿ ಕೊಟ್ಟ ಅಂಕಣದಲ್ಲಿ ಹಿಕ್ಕೆ ಮೆತ್ತಗಿದ್ದರೂ ಆಕಾರ ಹಿಡಿದಿತ್ತು, ತೊಟ್ಟಿ ಬೇಗ ಖಾಲಿಯಾಗುತ್ತಿತ್ತು. ಎರಡು ಅಂಕಣ ನೋಡಿ ಸಿದ್ಧಾಂತ ಕಟ್ಟುವುದು ನನಗಿಷ್ಟವಿಲ್ಲ. ಆದರೆ ಪ್ರಯೋಗಾಲಯಗಳು ಮತ್ತೆ ಮತ್ತೆ ಕಂಡಿರುವುದೂ ಇದೇ ದಿಕ್ಕಿನದು: ಭೇದಿ ಕಡಿಮೆ, ವಿಲ್ಲೈ ಉದ್ದ, ತೂಕ ತುಸು ಮೇಲು.

ಈ ಭೇದಿಗೆ ಬಹುಕಾಲ ಆ್ಯಂಟಿಬಯೋಟಿಕ್ಕೇ ಮದ್ದಾಗಿತ್ತು. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ತಯಾರಿಸಿ ಮಾರುವುದನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಜೂನ್‌ನಿಂದ ಇದೇ ಭೇದಿಗೆ ಹಾಕುತ್ತಿದ್ದ ಔಷಧಿ ಪ್ರಮಾಣದ ಝಿಂಕ್ ಆಕ್ಸೈಡೂ ನಿಂತಿತು. ಹುಳಿ ಹಿಂಡಿಗೆ ಬೇಡಿಕೆ ಬರಲು ಈ ಖಾಲಿ ಜಾಗವೂ ಒಂದು ಕಾರಣ. ಆದರೂ ಒದ್ದೆ ನೆಲ, ಕುಳಿರ್ಗಾಳಿ, ಅವಸರದಲ್ಲಿ ಹಾಲು ಬಿಡಿಸುವ ಚಟ ಇವಕ್ಕೆಲ್ಲ ಡ್ರಮ್ಮಿನಲ್ಲಿ ಪರಿಹಾರವಿಲ್ಲ. ಇಡೀ ತಿಂಡಿಯನ್ನೇ ಹುಳಿ ಬರಿಸಲು ಹೋದರೆ ಬೆರೆಸಿದ ಲೈಸಿನ್ ಎಂಬ ಅಮೈನೋ ಆಮ್ಲ ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಹಿಂಡಿಯೊಂದನ್ನೇ ಬರಿಸಿ ಉಳಿದದ್ದನ್ನು ತಿನ್ನಿಸುವ ಹೊತ್ತಿಗೆ ಕಲಸುವುದು ಲೇಸು.

ಮನೆಯಲ್ಲೇ ಮಾಡಹೊರಡುವವರಿಗೆ ಒಂದು ಮಾತು: ಬೂಷ್ಟು ಹಿಡಿದ ಹಿಂಡಿಯನ್ನು ಡ್ರಮ್ಮಿಗೆ ಹಾಕಬೇಡಿ. ಹುಳಿ ಬರಿಸಿದ ಮಾತ್ರಕ್ಕೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹೋಗುತ್ತದೆಂದು ನಂಬುವಂತಿಲ್ಲ. ಅಂಥದ್ದು ಹಂದಿಗೂ ಬೇಡ, ಕೋಳಿಗೂ ಬೇಡ.