ಆಮ್ಲ ಮಳೆ: ತೂಕ ಸರಿ, ಸತ್ವವೆಲ್ಲಿ?

ಧಾನ್ಯ ವ್ಯಾಪಾರದಲ್ಲಿ ತೂಕ, ತೇವಾಂಶ, ಬಣ್ಣ ಹಾಗೂ ಕಾಳಿನ ಗಾತ್ರವನ್ನು ನೋಡಿ ದರ ನಿಗದಿಪಡಿಸುವುದು ವಾಡಿಕೆ. ಆದರೆ ಕಣ್ಣಿಗೆ ಕಾಣದ ದೋಷವೊಂದು ಇಡೀ ಪ್ರದೇಶದ ಸರಕಿನ ಹೆಸರನ್ನೇ ಕೆಡಿಸಬಲ್ಲದು ಎಂಬುದಕ್ಕೆ ಚೀನಾದ ಅನುಭವವೇ ಸಾಕ್ಷಿ. 2013ರ ಮೇ ತಿಂಗಳಲ್ಲಿ ಗುವಾಂಗ್‌ಝೌ ನಗರದ ಅಧಿಕಾರಿಗಳು ಅಕ್ಕಿ ಹಾಗೂ ಅಕ್ಕಿ ಉತ್ಪನ್ನಗಳ 18 ಮಾದರಿಗಳ ಪರೀಕ್ಷಾ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ 8 ಮಾದರಿಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಮಿತಿ ಮೀರಿತ್ತು. ಭತ್ತದ ಕಣಜವೆನಿಸಿದ್ದ ಹುನಾನ್ ಪ್ರಾಂತ್ಯದ ಅಕ್ಕಿಗೆ ಕಳಂಕ ತಟ್ಟಿತು.

ಗಣಿಗಳು ಮತ್ತು ಲೋಹ ಕರಗಿಸುವ ಕಾರ್ಖಾನೆಗಳು ಈ ಲೋಹದ ಪ್ರಮುಖ ಮೂಲಗಳು. ಅದು ಸುಲಭವಾಗಿ ಬೆಳೆಯೊಳಗೆ ಸೇರಲು ದಾರಿ ಮಾಡಿಕೊಟ್ಟದ್ದು ಮಣ್ಣಿನ ಆಮ್ಲೀಯತೆ.

ಕಲ್ಲಿದ್ದಲು ಹಾಗೂ ತೈಲ ಉರಿದಾಗ ಹೊರಬೀಳುವ ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳು ಮೋಡದ ನೀರಿನೊಡನೆ ಬೆರೆತು ಆಮ್ಲಗಳಾಗುತ್ತವೆ. ಶುದ್ಧ ಮಳೆನೀರಿನ ಪಿ.ಎಚ್. ಸುಮಾರು 5.6, ಅದಕ್ಕಿಂತ ಕೆಳಗಿಳಿದದ್ದೇ ಆಮ್ಲ ಮಳೆ. ಇಂತಹ ಮಳೆ ವರ್ಷಗಟ್ಟಲೆ ಸುರಿದರೆ ಮಣ್ಣಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೊಚ್ಚಿಹೋಗುತ್ತವೆ. ಕರಗಿದ ಅಲ್ಯೂಮಿನಿಯಂ ಬೇರುಗಳನ್ನು ಕುಂಠಿತಗೊಳಿಸುತ್ತದೆ. ರಂಜಕ, ಸೆಲೆನಿಯಂಗಳು ಬೆಳೆಗೆ ದಕ್ಕುವುದು ಕಡಿಮೆಯಾಗುತ್ತದೆ. ಹೀಗೆ ಬೇಕಾದದ್ದು ಕುಗ್ಗಿ, ಬೇಡವಾದದ್ದು ಹಿಗ್ಗುತ್ತದೆ.

ಆದರೂ ಮಳೆಯೊಂದನ್ನೇ ದೂರುವಂತಿಲ್ಲ. ಚೀನಾದ ಕೃಷಿಭೂಮಿ ಹುಳಿಯಾಗಲು ಸಾರಜನಕ ಗೊಬ್ಬರದ ಅತಿಬಳಕೆಯೇ ಮುಖ್ಯ ಕಾರಣವೆಂದು ಅಲ್ಲಿಯ ವಿಜ್ಞಾನಿಗಳು 2010ರಲ್ಲಿ ತೋರಿಸಿಕೊಟ್ಟರು. ಹೊಗೆಕೊಳವೆ ಮತ್ತು ಗೊಬ್ಬರದ ಚೀಲ, ಎರಡೂ ಒಂದೇ ಮಣ್ಣಿನ ಖಾತೆಗೆ ಖರ್ಚು ಬರೆಯುತ್ತವೆ.

ನಮ್ಮ ನಾಡಿಗೂ ಇದರಲ್ಲಿ ಪಾಠವಿದೆ. ಬಯಲುಸೀಮೆಯ ಸುಣ್ಣಯುಕ್ತ ಕಪ್ಪು ಮಣ್ಣು ಆಮ್ಲವನ್ನು ತಾಳಿಕೊಳ್ಳಬಲ್ಲದು. ಕರಾವಳಿ ಹಾಗೂ ಮಲೆನಾಡಿನ ಜಂಬಿಟ್ಟಿಗೆ ಮಣ್ಣಾದರೋ ಭಾರಿ ಮಳೆಯಿಂದ ಮೊದಲೇ ಹುಳಿಯಾಗಿದ್ದು, ಅದಕ್ಕೆ ಆ ತಾಳಿಕೆ ಕಡಿಮೆ.

ಪರಿಹಾರ ಕೈಗೆಟುಕದ್ದೇನಲ್ಲ. 2020ರ ಏಪ್ರಿಲ್‌ನಿಂದ ವಾಹನಗಳ ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿದಿದೆ. ಬಾಯ್ಲರ್, ಕುಲುಮೆಗಳನ್ನು ನಡೆಸುವ ಉದ್ಯಮಿಗಳೂ ಗಂಧಕ ಕಡಿಮೆಯಿರುವ ಇಂಧನದತ್ತ ಹೊರಳಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿ.ಎಚ್. ಸಹ ನಮೂದಾಗುತ್ತದೆ. ಹುಳಿ ಮಣ್ಣಿಗೆ ತಕ್ಕ ಪ್ರಮಾಣದಲ್ಲಿ ಸುಣ್ಣ ಹಾಕಿದರೆ ಪೋಷಕಾಂಶಗಳು ಮರಳಿ ದಕ್ಕುತ್ತವೆ. ಕ್ಯಾಡ್ಮಿಯಂ ಹೀರಿಕೆಯೂ ತಗ್ಗುತ್ತದೆ. ಖರೀದಿದಾರರು ತಮ್ಮ ರೈತರಲ್ಲಿ ಆ ಚೀಟಿಯನ್ನು ಕೇಳಿ ನೋಡುವ ಪರಿಪಾಠ ಬೆಳೆಸಿಕೊಳ್ಳುವುದು ಒಳಿತು. ಮಾರುಕಟ್ಟೆಯಲ್ಲಿ ಒಮ್ಮೆ ಕೆಟ್ಟ ಹೆಸರನ್ನು ಸರಿಪಡಿಸುವುದಕ್ಕಿಂತ ಹೊಲಕ್ಕೆ ಸುಣ್ಣ ಹಾಕುವುದು ಅಗ್ಗ.