‘ಅಪ್ಪಿಕೋ’: ನಿಘಂಟಿನಿಂದ ಕಾಡಿಗೆ ನಡೆದ ಪದ

ಅಪ್ಪುಗೆಯನ್ನು ಸೂಚಿಸಲು ಕನ್ನಡದಲ್ಲಿ ಪದಗಳ ಬರವಿಲ್ಲ. ಅಪ್ಪು, ತಬ್ಬು, ತೆಕ್ಕೆ, ಆಲಿಂಗನ - ಇವೆಲ್ಲ ಒಂದೇ ಕ್ರಿಯೆಯನ್ನು ಹೇಳಿದರೂ ಬಳಕೆಯ ಜಾಡು ಬೇರೆ ಬೇರೆ.

‘ಆಲಿಂಗನ’ ಸಂಸ್ಕೃತದಿಂದ ಬಂದದ್ದು. ಕಾವ್ಯದಲ್ಲಿ ಶೃಂಗಾರಕ್ಕೆ ಒದಗಿದ ಈ ಪದ ರಾಜಕೀಯ ಬರಹಗಳಲ್ಲಿ ‘ಧೃತರಾಷ್ಟ್ರಾಲಿಂಗನ’ವಾಗಿ ವಂಚನೆಯನ್ನು ಸೂಚಿಸುತ್ತದೆ. ಯುದ್ಧಾನಂತರ ಭೀಮನೆಂದು ಭಾವಿಸಿ ಲೋಹದ ಪ್ರತಿಮೆಯನ್ನು ಪುಡಿಗೈದ ಕುರುಡು ದೊರೆಯ ಕಥೆ ಇದಕ್ಕೆ ಮೂಲ. ‘ತೆಕ್ಕೆ’ಯ ಹಿಂದೆ ಹಳಗನ್ನಡದ ‘ತೞ್ಕೆ’ ಇದೆ. ನಗರಸಭೆ ಇಂಥ ಪಕ್ಷದ ತೆಕ್ಕೆಗೆ ಬಿತ್ತೆಂದು ಪತ್ರಿಕೆಗಳು ಬರೆಯುವಾಗ ಅಲ್ಲಿ ಪ್ರೀತಿಗಿಂತ ವಶದ ಅರ್ಥವೇ ಮುಂದು.

‘ಅಪ್ಪು’ ಅಚ್ಚ ದ್ರಾವಿಡ ಕ್ರಿಯಾಪದ. ತಮಿಳಿನಲ್ಲಿ ಇದೇ ರೂಪಕ್ಕೆ ಗಂಧವನ್ನೋ ಕೆಸರನ್ನೋ ದಪ್ಪವಾಗಿ ಮೆತ್ತುವುದು ಎಂಬ ಅರ್ಥವಿದೆ. ಎಡೆಯಿಲ್ಲದಂತೆ ಅಂಟುವುದೇ ಎರಡರಲ್ಲೂ ಇರುವ ಭಾವ. ಕನ್ನಡದಲ್ಲಿ ಸಾವನ್ನೂ ಅಪ್ಪಬಹುದು. ಯೋಧರು ‘ವೀರಮರಣವನ್ನಪ್ಪಿದರು’ ಎನ್ನುತ್ತೇವೆ. ನೀರು ಎಂಬ ಅರ್ಥದ ‘ಅಪ್ಪು’ ಮಾತ್ರ ಬೇರೆ, ಅದು ಸಂಸ್ಕೃತದ್ದು.

ಈ ಪದಕ್ಕೆ ಹೊಸ ಅರ್ಥ ಬಂದದ್ದು 1983ರಲ್ಲಿ. ಆ ವರ್ಷದ ಸೆಪ್ಟೆಂಬರ್ 8ರಂದು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಹಳ್ಳಿಗರು ಕಾಡಿಗೆ ನಡೆದು, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆ ಮುಂಚೂಣಿಯಲ್ಲಿದ್ದ ಈ ಚಳವಳಿ ‘ಅಪ್ಪಿಕೋ’ ಎಂದು ಹೆಸರಾಯಿತು. ಗಢವಾಲದಲ್ಲಿ 1973ರಲ್ಲಿ ಆರಂಭವಾದ ‘ಚಿಪ್ಕೊ’ ಇದಕ್ಕೆ ಪ್ರೇರಣೆ.

ಎರಡು ಹೆಸರುಗಳೂ ‘ಕೊ’ ಎಂದು ಮುಗಿಯುವುದು ಆಕಸ್ಮಿಕ. ಹಿಂದಿಯ ‘ಚಿಪಕ್’ ಧಾತುವಿಗೆ ‘ಓ’ ಎಂಬ ಆಜ್ಞಾರ್ಥಕ ಪ್ರತ್ಯಯ ಸೇರಿ ‘ಅಂಟಿಕೊಳ್ಳಿ’ ಎಂಬ ಅರ್ಥ ಬರುತ್ತದೆ. ಕನ್ನಡದ ‘ಕೋ’ ಆದರೋ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದದ ರೂಪ. ‘ಉಳಿಸು’ ಎಂಬುದು ‘ಉಳಿಸಿಕೊ’ ಆದಾಗ ಕ್ರಿಯೆಯ ಫಲ ಮಾಡುವವನಿಗೇ ಮರಳುವಂತೆ, ಇಲ್ಲಿಯೂ ಆ ಭಾವ ಸೇರಿದೆ.

ವ್ಯಾಕರಣದ ಈ ಸೂಕ್ಷ್ಮ ಮಲೆನಾಡಿನ ಬದುಕಿಗೆ ಸರಿಯಾಗಿ ಹೊಂದುತ್ತದೆ. ಅಲ್ಲಿನ ಅಡಕೆ ತೋಟಕ್ಕೆ ಸೊಪ್ಪು, ತರಗೆಲೆ ಬರುವುದು ಬೆಟ್ಟದಿಂದ. ನೀರಿನ ಒರತೆ ಉಳಿಯುವುದು ಮೇಲಿನ ಕಾಡಿನಿಂದ. ಸಹಜ ಕಾಡು ಕಡಿದು ತೇಗ, ನೀಲಗಿರಿಗಳ ಏಕಜಾತಿ ನೆಡುತೋಪು ಬೆಳೆಸಿದರೆ ಮೊದಲು ಸೊರಗುವುದು ಕೆಳಗಿನ ತೋಟವೇ. ಆದ್ದರಿಂದಲೇ ‘ಉಳಿಸು, ಬೆಳೆಸು, ಬಳಸು’ ಎಂಬ ಚಳವಳಿಯ ಘೋಷಣೆಯಲ್ಲಿ ಬಳಕೆಗೂ ಜಾಗವಿತ್ತು.

ಮರವನ್ನು ಅಪ್ಪುವುದು ಮರದ ಮೇಲಿನ ಕನಿಕರವಷ್ಟೇ ಆಗಿದ್ದರೆ ‘ಅಪ್ಪು’ ಎಂದರೆ ಸಾಕಿತ್ತು. ತನ್ನ ನೀರು, ತನ್ನ ಅನ್ನ ಅದರಲ್ಲಿದೆ ಎಂದು ಬಲ್ಲವರು ‘ಅಪ್ಪಿಕೋ’ ಎಂದರು. ಪಶ್ಚಿಮ ಘಟ್ಟದ ಯೋಜನೆಗಳ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಈ ಪದವನ್ನು ನೆನೆಯುವುದುಂಟು. ಅದರ ಕೊನೆಯ ಅಕ್ಷರವನ್ನೂ ನೆನೆಯುವುದು ಒಳಿತು.