ಐ7 ತಗೊಳ್ಳೋದೋ, 16 ಜಿಬಿ ತಗೊಳ್ಳೋದೋ?

"ಐ7 ಅಂದ್ರ ಐ5ಕ್ಕಿಂತ ದೊಡ್ಡದಲ್ರೀ ಸರ್?"

ತುರ್ಭೆಯ ಕಾಂದಾ-ಬಟಾಟಾ ಮಾರ್ಕೆಟ್‌ನ ಗಾಳಾ, ಅಂದರೆ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುವ ಪರಿಚಯದವರು ಎರಡು ಕೊಟೇಶನ್ ಚೀಟಿಗಳನ್ನು ನನ್ನ ಮುಂದಿಟ್ಟು ಕೇಳಿದ ಪ್ರಶ್ನೆ ಇದು. ಇಂಡಿ ತಾಲ್ಲೂಕಿನ ಕಡೆಯವರು, ಈಗ ಇಲ್ಲಿಯವರೇ ಆಗಿದ್ದಾರೆ. ಮಗಳಿಗೆ ಕಂಪ್ಯೂಟರ್ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಲ್ಯಾಪ್‌ಟಾಪ್ ತೆಗೆದುಕೊಂಡರೆ ಅದು ನಾಲ್ಕು ವರ್ಷ ಬಾಳಬೇಕು, ನಡುವೆ ಇನ್ನೊಂದು ಕೊಳ್ಳುವ ಮಾತೇ ಇಲ್ಲ. ಮೊದಲ ಚೀಟಿಯಲ್ಲಿ ಇಂಟೆಲ್ ಕೋರ್ ಐ7-1355ಯು, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಎಂದಿತ್ತು. ಎರಡನೆಯದರಲ್ಲಿ ಐ5-1335ಯು, 16 ಜಿಬಿ ರ‍್ಯಾಮ್, ಅಷ್ಟೇ ಎಸ್‌ಎಸ್‌ಡಿ. ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಂಗಡಿಯವರು ಐ7 ಕಡೆಗೇ ಕೈ ತೋರಿಸಿದ್ದರಂತೆ.

ಈ ಎರಡು ಪ್ರೊಸೆಸರುಗಳ ಒಳಗನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಐ7-1355ಯು ಒಳಗೆ ಇರುವುದು ಹತ್ತು ಕೋರ್: ವೇಗದವು ಎರಡು, ಕಡಿಮೆ ಕರೆಂಟಿನಲ್ಲಿ ದುಡಿಯುವವು ಎಂಟು. ಐ5-1335ಯು ಒಳಗೂ ಅಷ್ಟೇ, ಎರಡು ಮತ್ತು ಎಂಟು. ಥ್ರೆಡ್ ಎರಡರಲ್ಲೂ ಹನ್ನೆರಡು. ಕ್ಯಾಶ್ ಎರಡರಲ್ಲೂ 12 ಎಂಬಿ. ಗರಿಷ್ಠ ವೇಗ ಒಂದರಲ್ಲಿ 5.0 ಗಿಗಾಹರ್ಟ್ಸ್, ಇನ್ನೊಂದರಲ್ಲಿ 4.6. ಆ ಗರಿಷ್ಠ ವೇಗವೂ ಕೆಲವು ಕ್ಷಣಗಳ ಮಾತು. ಬಿಸಿ ಏರಿದ ಮೇಲೆ ಎರಡೂ ಕೆಳಗಿಳಿಯುತ್ತವೆ. ಐ7ನ ಒಳಗಿನ ಗ್ರಾಫಿಕ್ಸ್ ಭಾಗ ತುಸು ದೊಡ್ಡದು, ಅಷ್ಟೇ. 'ಐ' ಅಕ್ಷರ ಬಿಟ್ಟು ಬಂದ ಕೋರ್ 5 120ಯು ಮತ್ತು ಕೋರ್ 7 150ಯುಗಳದ್ದೂ ಇದೇ ಕಥೆ. ಆದ್ದರಿಂದ ಸ್ಟಿಕ್ಕರ್ ಮೇಲಿನ 5, 7 ನೋಡಿ ನಿರ್ಧರಿಸಬೇಡಿ. ಅದರ ಮುಂದಿನ ಪೂರ್ತಿ ಮಾಡೆಲ್ ನಂಬರ್ ಬರೆಸಿಕೊಳ್ಳಿ.

ಹಾಗಾದರೆ 8 ಮತ್ತು 16 ಜಿಬಿಯ ವ್ಯತ್ಯಾಸ ಎಷ್ಟು ದೊಡ್ಡದು? ಅವರು ದಿನವೂ ಕಾಣುವ ಗಾಳಾವನ್ನೇ ತೋರಿಸಿ ಹೇಳಿದೆ. ಹಿಂದಿನ ಗೋದಾಮು ಎಸ್‌ಎಸ್‌ಡಿ ಎಂದುಕೊಳ್ಳಿ. ಎಷ್ಟು ಮೂಟೆ ಬೇಕಾದರೂ ಇಡಬಹುದು, ಆದರೆ ತರಲು ಹೊತ್ತು ಬೇಕು. ಮುಂದೆ ಮೂಟೆ ಬಿಚ್ಚಿ ಮಾಲು ಹರಡುವ ಜಾಗ ರ‍್ಯಾಮ್. ಎತ್ತಿ ಇಳಿಸುವ ಮಾಥಾಡಿಗಳು ಪ್ರೊಸೆಸರ್. ಹರಡುವ ಜಾಗ ತುಂಬಿದ ಮೇಲೆ ಇನ್ನೊಂದು ಲಾಟು ಬಂದರೆ, ಹಳೆಯದನ್ನು ಒಳಗೆ ಹಾಕಿ ಹೊಸದನ್ನು ಬಿಚ್ಚಬೇಕು. ಗಿರಾಕಿ ಹಳೆಯದನ್ನೇ ಕೇಳಿದರೆ ಮತ್ತೆ ಹೊರಗೆ ತರಬೇಕು. ಮಾಥಾಡಿಗಳು ಎಷ್ಟೇ ಗಟ್ಟಿಗರಿರಲಿ, ದಿನವೆಲ್ಲ ಒಳಗೆ ಹೊರಗೆ ಹೊರುವುದರಲ್ಲೇ ಕಳೆಯುತ್ತದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಮಾಡುವುದೂ ಇದನ್ನೇ. ಬಳಕೆಯಲ್ಲಿಲ್ಲದ ಭಾಗಗಳನ್ನು ಎಸ್‌ಎಸ್‌ಡಿಗೆ ಬರೆದಿಡುತ್ತದೆ, ಬೇಕಾದಾಗ ಓದಿ ತರುತ್ತದೆ. ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋದಾಗ ಪರದೆ ಅರೆಕ್ಷಣ ಬಿಳಚಿಕೊಂಡು ನಿಲ್ಲುತ್ತದಲ್ಲ, ಬಹಳ ಸಲ ಅದರ ಕಾರಣ ಇದೇ.

ವಿಂಡೋಸ್ 11 ತಾನು ಎದ್ದು ಕೂರಲಿಕ್ಕೇ ಮೂರು ನಾಲ್ಕು ಜಿಬಿ ಹಿಡಿಯುತ್ತದೆ. ಕ್ರೋಮ್‌ನಲ್ಲಿ ಹತ್ತು ಹದಿನೈದು ಟ್ಯಾಬ್, ಒಂದು ವಿಡಿಯೊ ಪಾಠ, ಒಂದು ಪಿಡಿಎಫ್ ತೆರೆದರೆ 8 ಜಿಬಿ ಮುಗಿಯಿತು. ಕಂಪ್ಯೂಟರ್ ಓದುವ ಮಗು ಮೊಬೈಲ್ ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೊ ಮುಟ್ಟದೆ ಇರುವುದಿಲ್ಲ. ಎಮ್ಯುಲೇಟರ್ ಸಹಿತ ಅದನ್ನು ನಡೆಸಲು ಕನಿಷ್ಠ 16 ಜಿಬಿ ಬೇಕೆಂದು ಗೂಗಲ್ ತಾನೇ ಹೇಳುತ್ತದೆ. ಬರೀ ಟ್ಯಾಲಿ, ಎಕ್ಸೆಲ್, ಇಮೇಲ್ ನೋಡುವ ಅಂಗಡಿ ಲೆಕ್ಕಕ್ಕಾದರೆ 8 ಜಿಬಿ ಇವತ್ತಿಗೂ ನಡೆಯುತ್ತದೆ. ಇವರ ಮಗಳಿಗೆ ಅದು ಸಾಲದು.

"ಆಮ್ಯಾಗ ರ‍್ಯಾಮ್ ಹಾಕಸಬಹುದಲ್ರೀ?" ಎಂದರು. ನ್ಯಾಯವಾದ ಪ್ರಶ್ನೆ, ಉತ್ತರ ಮಾಡೆಲ್ ಮೇಲೆ ನಿಂತಿದೆ. ಕೆಲವದರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇರುತ್ತವೆ. ಕೆಲವದರಲ್ಲಿ 8 ಜಿಬಿ ಬೋರ್ಡಿಗೇ ಬೆಸುಗೆ ಹಾಕಿ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ ಬಿಟ್ಟಿರುತ್ತಾರೆ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪೂರ್ತಿ ಬೆಸುಗೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಸ್ಪೆಸಿಫಿಕೇಶನ್‌ನಲ್ಲಿ 'ಎಲ್‌ಪಿಡಿಡಿಆರ್' ಎಂದು ಕಂಡರೆ ಸಾಮಾನ್ಯವಾಗಿ ಅದು ಬೆಸುಗೆ ಹಾಕಿದ್ದು. 'ಸೋಡಿಮ್' ಎಂದಿದ್ದರೆ ತೆಗೆದು ಹಾಕುವಂಥದ್ದು. ಇನ್ನೊಂದು ವಿಷಯವಿದೆ. ಒಂದೇ ಕಡ್ಡಿ ರ‍್ಯಾಮ್ ಇದ್ದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಒಂದೇ ದಾರಿ, ಎರಡಿದ್ದರೆ ಎರಡು ದಾರಿ. ಈ ಇಂಟೆಲ್ ಚಿಪ್‌ಗಳ ಒಳಗಿನ ಗ್ರಾಫಿಕ್ಸ್‌ಗೆ ಐರಿಸ್ ಎಕ್ಸ್‌ಇ ಎಂಬ ಹೆಸರು ಬರುವುದೇ ಎರಡು ದಾರಿ ಇದ್ದಾಗ. ಒಂದೇ ಕಡ್ಡಿಯಲ್ಲಿ ಅದೇ ಚಿಪ್ ತನ್ನನ್ನು ಬರೀ ಯುಎಚ್‌ಡಿ ಎಂದು ತೋರಿಸಿಕೊಳ್ಳುತ್ತದೆ, ಕೆಲಸವೂ ಹಾಗೇ ಮಾಡುತ್ತದೆ. ಅಂದರೆ 8 ಜಿಬಿಯ ಒಂದೇ ಕಡ್ಡಿ ಹಾಕಿದ ಐ7, ಕೊಟ್ಟ ದುಡ್ಡಿಗೆ ಬಂದ ಗ್ರಾಫಿಕ್ಸ್‌ನ ಹೆಚ್ಚುಗಾರಿಕೆಯನ್ನೂ ಕಳೆದುಕೊಂಡು ಕೂತಿರುತ್ತದೆ.

ಆಮೇಲೆ ಹಾಕಿಸುವ ಲೆಕ್ಕ ಈಗ ಮೊದಲಿನಷ್ಟು ಅಗ್ಗವೂ ಅಲ್ಲ. 2025ರ ಕೊನೆಯಿಂದ ಮೆಮರಿ ದರ ಜಗತ್ತಿನೆಲ್ಲೆಡೆ ಏರಿದೆ. ಎಐಗಾಗಿ ಕಟ್ಟುತ್ತಿರುವ ಡೇಟಾ ಸೆಂಟರುಗಳು ಚಿಪ್‌ಗಳನ್ನು ಹೀರಿಕೊಳ್ಳುತ್ತಿವೆ. ಐರೋಲಿ, ಮಹಾಪೆಯ ಕಡೆ ಎದ್ದಿರುವ ಡೇಟಾ ಸೆಂಟರ್ ಕಟ್ಟಡಗಳನ್ನು ನಾವು ಠಾಣೆ-ಬೇಲಾಪುರ ರಸ್ತೆಯಲ್ಲಿ ಹೋಗುವಾಗ ನೋಡುತ್ತಲೇ ಇರುತ್ತೇವೆ. ಖಾಲಿ ಸ್ಲಾಟ್ ಇರುವ 8 ಜಿಬಿ ಮಾಡೆಲ್ ನಿಜಕ್ಕೂ ಅಗ್ಗವಾಗಿ ಸಿಕ್ಕರೆ, ಇನ್ನೊಂದು ಕಡ್ಡಿಯ ಇವತ್ತಿನ ದರ ಕೇಳಿ ಕೂಡಿಸಿ ನೋಡಿ, ಆಮೇಲೆ ಹೋಲಿಸಿ.

ಎಎಮ್‌ಡಿ ಕಡೆ ಹೋದವರು ಇನ್ನಷ್ಟು ಕಣ್ಣಿಟ್ಟು ಓದಬೇಕು. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಎರಡೂ ಅಂಗಡಿಯಲ್ಲಿ ಪಕ್ಕಪಕ್ಕ ಇರುತ್ತವೆ, ನಂಬರಿನಲ್ಲಿ ಹತ್ತರ ಅಂತರ. ಆದರೆ ಮೊದಲನೆಯದು ನಾಲ್ಕು ಕೋರಿನದು, ಎರಡನೆಯದು ಆರು ಕೋರಿನದು. ಆ ಸಾಲಿನ ನಂಬರುಗಳಲ್ಲಿ ಮೊದಲ ಅಂಕಿ ವರ್ಷದ ಗುರುತು, ಮೂರನೆಯ ಅಂಕಿ ಒಳಗಿನ ವಿನ್ಯಾಸದ ತಲೆಮಾರು. 7520ರ ಮೂರನೆಯ ಅಂಕಿ 2, ಅಂದರೆ 2019ರಲ್ಲಿ ಬಂದ ಜೆನ್ 2. 7530ರದು 3, ಅಂದರೆ ಮರುವರ್ಷದ ಜೆನ್ 3. 7520ಯು ಜೊತೆಗೆ ಬರುವ ರ‍್ಯಾಮ್ ಬೆಸುಗೆ ಹಾಕಿದ್ದೇ ಆಗಿರುತ್ತದೆ, ಹೆಚ್ಚಿಸುವ ದಾರಿ ಇಲ್ಲ. ಹೊಸ ಹೆಸರು ಹಚ್ಚಿ ಹಳೆಯ ವಿನ್ಯಾಸ ಮಾರುವುದು ನನಗೆ ಸರಿಕಾಣುವುದಿಲ್ಲ. ಚೀಟಿ ಓದಲು ಬಾರದವರಿಗೇ ಅದರ ಪೆಟ್ಟು ಬೀಳುತ್ತದೆ.

ಕೊನೆಯ ಅಕ್ಷರವನ್ನೂ ಬಿಡಬೇಡಿ. 'ಯು' ಎಂದರೆ ಇಂಟೆಲ್‌ನಲ್ಲಿ 15 ವ್ಯಾಟ್‌ನ ಲೆಕ್ಕದ ಚಿಪ್, 'ಎಚ್' ಎಂದರೆ 45 ವ್ಯಾಟ್. ವಿಡಿಯೊ ಎಡಿಟಿಂಗ್, ದೊಡ್ಡ ಕ್ಯಾಡ್ ಡ್ರಾಯಿಂಗ್ ಮಾಡುವವರಿಗೆ ಎಚ್ ಒಳ್ಳೆಯದು. ಅದರ ಬೆಲೆ ಫ್ಯಾನ್ ಸದ್ದು, ತೂಕ, ಬೇಗ ಇಳಿಯುವ ಬ್ಯಾಟರಿ. ಬೆಳಗಿನ ಟ್ರಾನ್ಸ್-ಹಾರ್ಬರ್ ಲೋಕಲ್‌ನಲ್ಲಿ ತುರ್ಭೆಯಿಂದ ಠಾಣೆಗೆ ನಿಂತುಕೊಂಡೇ ಹೋಗುವ ಹುಡುಗಿಯ ಬೆನ್ನಿಗೆ ಅರ್ಧ ಕೆಜಿ ಹೆಚ್ಚಾದರೂ ಗೊತ್ತಾಗುತ್ತದೆ.

ಪರದೆಯ ಮಾತಿಗೆ ಚೀಟಿಯಲ್ಲಿ ಜಾಗವೇ ಇರುವುದಿಲ್ಲ. 'ಎಫ್‌ಎಚ್‌ಡಿ' ಎಂದಷ್ಟೇ ಬರೆದು ಮುಗಿಸುತ್ತಾರೆ. ಎಸ್‌ಎಸ್‌ಡಿ ಮುಂದೆ ಬದಲಿಸಬಹುದು, ರ‍್ಯಾಮ್ ಕೆಲವದರಲ್ಲಿ ಸೇರಿಸಬಹುದು. ಪರದೆ ಬದಲಿಸುವವರು ಯಾರೂ ಇಲ್ಲ, ನಾಲ್ಕು ವರ್ಷ ಕಣ್ಣು ಅದನ್ನೇ ನೋಡಬೇಕು. ನಾನು ಅದಕ್ಕೆ ಒಂದು ಸಣ್ಣ ಪರೀಕ್ಷೆ ಹೇಳಿದೆ. ಇವರ ಫೋನಿನಲ್ಲಿ ಮಾಲಿನ ಫೋಟೊಗಳಿಗೆ ಬರವಿಲ್ಲ. ಒಳ್ಳೆಯ ಕೆಂಪು ಈರುಳ್ಳಿಯ ಒಂದು ಫೋಟೊ ಆರಿಸಿ, ಅದನ್ನೇ ಲ್ಯಾಪ್‌ಟಾಪಿಗೆ ಕಳಿಸಿ, ಎರಡನ್ನೂ ಪಕ್ಕದಲ್ಲಿ ಹಿಡಿದು ನೋಡುವುದು. '45 ಪ್ರತಿಶತ ಎನ್‌ಟಿಎಸ್‌ಸಿ' ಎನ್ನುವ ಅಗ್ಗದ ಪರದೆಯಲ್ಲಿ ಕೆಂಪು ಸತ್ತು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಪರದೆಯನ್ನು ಸ್ವಲ್ಪ ಹಿಂದಕ್ಕೆ ಮಣಿಸಿದಾಗ ಬಣ್ಣ ಇನ್ನೂ ಕೆಟ್ಟರೆ ಅದು ಟಿಎನ್ ಪರದೆ, ಬೇಡವೇ ಬೇಡ. ಐಪಿಎಸ್ ಇರಲಿ, ಬೆಳಕು 300 ನಿಟ್ಸ್ ಇದ್ದರೆ ಕಿಟಕಿ ಪಕ್ಕ ಕೂತು ಓದಬಹುದು.

ಬ್ಯಾಟರಿಗೆ 'ಎಷ್ಟು ತಾಸು' ಎಂದು ಕೇಳುವ ಬದಲು 'ಎಷ್ಟು ವ್ಯಾಟ್-ಅವರ್' ಎಂದು ಕೇಳಿ. ಬರೆಯುವ ಓದುವ ಕೆಲಸಕ್ಕೆ ಲ್ಯಾಪ್‌ಟಾಪ್ ಸುಮಾರು 8 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ, 42 ವ್ಯಾಟ್-ಅವರ್‌ಗೆ ಐದೂಕಾಲು ತಾಸು, 54ಕ್ಕೆ ಆರೂಮುಕ್ಕಾಲು. 512 ಜಿಬಿ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 476 ಎಂದು ಕಂಡರೆ ಮೋಸವಲ್ಲ, ಎಣಿಕೆಯ ರೀತಿ ಬೇರೆ. ಕನ್ನಡ ಟೈಪಿಂಗ್‌ಗೆ ಯಾರೂ ಬೇರೆ ದುಡ್ಡು ಕೊಡಬೇಕಿಲ್ಲ: ಇನ್‌ಸ್ಕ್ರಿಪ್ಟ್, ಫೊನೆಟಿಕ್ ಎರಡೂ ಕೀಬೋರ್ಡ್ ವಿಂಡೋಸ್ ಜೊತೆಗೇ ಇವೆ.

ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಹಳೆಯ ಆಫೀಸ್ ಲ್ಯಾಪ್‌ಟಾಪ್ ತರುವ ಯೋಚನೆ ಇರುವವರಿಗೆ ಒಂದು ಮಾತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. ಅದಕ್ಕಿಂತ ಹಳೆಯದು ಎಷ್ಟೇ ಅಗ್ಗವಾದರೂ ಕಾಲೇಜಿಗೆ ಹೋಗುವ ಮಕ್ಕಳಿಗೆ ಕೊಡಿಸಬೇಡಿ.

ಭಾನುವಾರ ಅಪ್ಪ ಮಗಳು ಇಬ್ಬರೂ ವಾಶಿಯ ಅಂಗಡಿಗೆ ಹೋದರು. ಹೋಗುವ ಮುನ್ನ ಹುಡುಗಿಗೆ ಒಂದು ಕೆಲಸ ಹೇಳಿಕೊಟ್ಟಿದ್ದೆ. ಡೆಮೊ ಲ್ಯಾಪ್‌ಟಾಪ್ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮರಿ ಒತ್ತಿದರೆ ಎಷ್ಟು ಜಿಬಿ, ಯಾವ ವೇಗ, ಎಷ್ಟು ಸ್ಲಾಟ್ ತುಂಬಿದೆ ಎಲ್ಲ ಕಾಣುತ್ತದೆ. ಮಧ್ಯಾಹ್ನ ಅಲ್ಲಿಂದಲೇ ಫೋನ್ ಮಾಡಿದಳು.

"ಕಾಕಾ, ಐ5ದಾಗ ಎರಡರಾಗ ಎರಡೂ ಸ್ಲಾಟ್ ತುಂಬ್ಯಾವ ಅಂತ ತೋರಸ್ತದ. ಐ7ದಾಗ ಒಂದ. ಗ್ರಾಫಿಕ್ಸೂ ಯುಎಚ್‌ಡಿ ಅಂತ ಅದ."

"ಈರುಳ್ಳಿ ನೋಡಿದ್ಯಾ?"

"ನೋಡೀನ್ರಿ. ಐ5ದಾಗ ಕೆಂಪಗ ಅದ."

ಐ5ನ್ನೇ ಬಿಲ್ ಮಾಡಿಸಲು ಹೇಳಿದೆ. ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಲ್ಯಾಪ್‌ಟಾಪ್ ತಳದ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇದೆಯೇ ನೋಡಿ, ಕಂಪನಿಯ ವೆಬ್‌ಸೈಟಿನಲ್ಲಿ ವಾರಂಟಿ ಯಾವ ದಿನದಿಂದ ಶುರುವಾಗಿದೆ ಎಂದು ಅಲ್ಲೇ ನಿಂತು ಪರಿಶೀಲಿಸಿದ ಮೇಲೆಯೇ ಅಪ್ಪನ ಕೈಯಿಂದ ದುಡ್ಡು ಕೊಡಿಸು ಎಂದೆ.